ಓದಿದ ಮೇಲೆ ಅರ್ಥವನ್ನೂ ಹೇಳಿ

ರಾಜ್ಯದ ಹಾಗೂ ಕೇಂದ್ರದ ಆರೋಗ್ಯ ಸಚಿವರಿಗೆ ಮತ್ತು ಜೀನ್ ಪರೀಕ್ಷೆ ನಡೆಸುವ ಪ್ರಯೋಗಾಲಯಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ತುಂಗಭದ್ರೆಯ ದಡದ ತಾಲ್ಲೂಕೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಇಪ್ಪತ್ತೆರಡು ವರ್ಷಗಳಿಂದ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೇನೆ. ಎತ್ತರದ ಬಟಾಣಿ ಗಿಡ, ಗಿಡ್ಡ ಬಟಾಣಿ ಗಿಡ, ಎರಡನೇ ಪೀಳಿಗೆಯಲ್ಲಿ ಮೂರಕ್ಕೆ ಒಂದು: ಈ ಚೌಕವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥ ನನಗೇ ನನ್ನ ಮಗನ ಜೀನ್ ವರದಿ ಅರ್ಥವಾಗಲಿಲ್ಲ. ಒಂದು ದಿನವಲ್ಲ, ಏಳು ವರ್ಷ ಅರ್ಥವಾಗಲಿಲ್ಲ. ಅರ್ಥ ಹೇಳಬಲ್ಲವರು ಯಾರೂ ನಮ್ಮ ಹತ್ತಿರ ಬರಲಿಲ್ಲ, ನಾವು ಹುಡುಕಿಕೊಂಡು ಹೋದಾಗಲೂ ಸಿಗಲಿಲ್ಲ. ಇದು ನಮ್ಮೊಂದು ಮನೆಯ ಕಷ್ಟವಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಹಾಗಲ್ಲ ಎಂದು ಗೊತ್ತಾದ ಮೇಲೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮಗ ಹುಟ್ಟಿದ್ದು 2005ರಲ್ಲಿ. ಮೂರನೇ ತರಗತಿಯವರೆಗೆ ಎಲ್ಲ ಮಕ್ಕಳಂತೆಯೇ ಇದ್ದ. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಎಳೆದುಕೊಳ್ಳತೊಡಗಿದ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಏಳಲು ಮೊಣಕಾಲಿನ ಮೇಲೆ ಕೈ ಊರಬೇಕಾಯಿತು. ಬೆಳಿಗ್ಗೆ ಶಾಲೆಗೆ ನಡೆದೇ ಹೋದ ಹುಡುಗ ಸಂಜೆ ಗೆಳೆಯನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದ. ರಾತ್ರಿ ಲೆಕ್ಕ ಬಿಡಿಸಲು ಕೂತಾಗ ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದ ಎತ್ತಿ, ರೆಪ್ಪೆಯ ಕೆಳಗಿನಿಂದ ಪುಸ್ತಕ ನೋಡುತ್ತಿದ್ದ. ನಿದ್ದೆ ಬಂತೇನೋ ಎಂದು ನಾನು ಗದರುತ್ತಿದ್ದೆ. ರೆಪ್ಪೆಯ ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಮುಖ್ಯವಾಗುತ್ತದೆ.

ಊರಿನ ವೈದ್ಯರು ಕ್ಯಾಲ್ಸಿಯಂ ಕೊಟ್ಟರು. ಜಿಲ್ಲೆಯಲ್ಲಿ ಸ್ನಾಯುಗಳು ಸವೆಯುವ ಕಾಯಿಲೆ ಇರಬಹುದು ಎಂದರು. 2018ರಲ್ಲಿ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಜೀನ್ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು. ಮಗನಿಗೆ ಆಗ ಹದಿಮೂರು. ಮೂವತ್ತೆರಡು ಸಾವಿರ ರೂಪಾಯಿ ಕಟ್ಟಿದೆವು. ಒಂದು ಸಣ್ಣ ಟ್ಯೂಬ್ ರಕ್ತ ತೆಗೆದುಕೊಂಡರು. ಇಂಗ್ಲಿಷಿನ ಏಳು ಪುಟದ ಒಪ್ಪಿಗೆ ಪತ್ರಕ್ಕೆ ಪ್ರತಿ ಪುಟದ ಕೆಳಗೂ ಸಹಿ ಹಾಕಿದೆ. ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಬೆರಳಿಟ್ಟು ತೋರಿಸಿದ ಹುಡುಗಿ ಅದರಲ್ಲಿ ಏನಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ನನ್ನ ಕಣ್ಣೆಲ್ಲ ಮಗನ ತೋಳಿನ ಮೇಲಿತ್ತು.

ಎರಡು ತಿಂಗಳ ಮೇಲೆ ವರದಿ ಮೊಬೈಲಿಗೆ ಬಂತು. ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ, ಎರಡೂ ಪ್ರತಿಗಳಲ್ಲಿ ಬದಲಾಗಿದೆ, ಅದರ ಮಹತ್ವ ಅನಿಶ್ಚಿತ ಎಂದಿತ್ತು. ಈ ‘ಅನಿಶ್ಚಿತ’ ಎಂಬ ಮಾತಿಗೆ ನಿಶ್ಚಿತವಾದ ಅರ್ಥವೇ ಇದೆ ಎಂದು ನನಗೆ ಆಗ ಗೊತ್ತಿರಲಿಲ್ಲ. 2015ರಿಂದ ಜಗತ್ತಿನ ಬಹುತೇಕ ಪ್ರಯೋಗಾಲಯಗಳು ಜೀನಿನ ಬದಲಾವಣೆಗಳನ್ನು ಐದು ಗುಂಪಾಗಿ ವಿಂಗಡಿಸುತ್ತವೆ. ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಮಧ್ಯದ್ದು ಎಂದರೆ ‘ಈಗಿರುವ ಮಾಹಿತಿಯಿಂದ ಹೇಳಲಾಗದು, ಹೊಸ ಮಾಹಿತಿ ಬಂದಾಗ ಮತ್ತೆ ನೋಡಬೇಕು’ ಎಂದು. ಅದು ತೀರ್ಪಲ್ಲ, ತೀರ್ಪನ್ನು ಮುಂದಕ್ಕೆ ಹಾಕಿದ್ದು. ವರದಿ ಕೊಟ್ಟವರು ಇಷ್ಟನ್ನು ಕನ್ನಡದಲ್ಲಿ ಎರಡು ವಾಕ್ಯ ಬರೆದಿದ್ದರೆ ನಮ್ಮ ಮನೆಯ ಕಥೆ ಬೇರೆಯಾಗುತ್ತಿತ್ತು.

ನಾವು ಅದನ್ನು ತೀರ್ಪೆಂದೇ ತಿಳಿದೆವು. ವೈದ್ಯರೂ ಹಾಗೆಯೇ ತಿಳಿದರು. ‘ಇದಕ್ಕೆ ಔಷಧಿ ಇಲ್ಲ, ವ್ಯಾಯಾಮ ಮಾಡಿಸಿ’ ಎಂದು ಫೈಲು ಮುಚ್ಚಿದರು.

ಇನ್ನೊಂದು ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನು ಮದುವೆಯಾಗಿರುವುದು ನನ್ನ ಸೋದರಮಾವನನ್ನು. ನಮ್ಮ ಕಡೆ ಇದು ಹೊಸತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚೇ ರಕ್ತಸಂಬಂಧದಲ್ಲಿ ಮದುವೆಯಾದವರು. ನನ್ನ ತಾಯಿಯೂ ನನ್ನ ಯಜಮಾನರೂ ಒಡಹುಟ್ಟಿದವರು. ಅಜ್ಜನಲ್ಲೋ ಅಜ್ಜಿಯಲ್ಲೋ ಇದ್ದ ಒಂದು ದೋಷದ ಪ್ರತಿ ಎರಡು ದಾರಿಯಲ್ಲಿ ಇಳಿದು ಬಂದು ಒಂದೇ ಮಗುವಿನಲ್ಲಿ ಸೇರಬಹುದು. ಇದನ್ನು ನಾನೇ ತರಗತಿಯಲ್ಲಿ ಹೇಳಿಕೊಡುತ್ತೇನೆ. ಆದರೆ ಮದುವೆ ನಿಶ್ಚಯಿಸಿದ ಹಿರಿಯರೇ ಆಮೇಲೆ ‘ಒಳಗೊಳಗೇ ಕೊಟ್ಟು ತಂದದ್ದಕ್ಕೆ ಹೀಗಾಯಿತು’ ಎಂದು ನನ್ನ ಮುಖ ನೋಡಿದಾಗ ಯಾವ ಪಾಠವೂ ನೆರವಿಗೆ ಬರಲಿಲ್ಲ. ಯಜಮಾನರತ್ತ ಯಾರೂ ಹಾಗೆ ನೋಡಲಿಲ್ಲ. ಹೆತ್ತವಳು ನಾನಲ್ಲವೇ.

ಇಷ್ಟಕ್ಕೇ ನಿಲ್ಲಲಿಲ್ಲ. ಮಗಳು ಮಗನಿಗಿಂತ ಮೂರು ವರ್ಷ ದೊಡ್ಡವಳು. ಕಳೆದ ವರ್ಷ ಒಂದು ಸಂಬಂಧ ಕೂಡಿಬಂದು, ನಿಶ್ಚಿತಾರ್ಥಕ್ಕೆ ದಿನ ನೋಡುವ ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ ನಮ್ಮ ನೆಂಟರಲ್ಲೇ ಯಾರೋ ಮಗನ ವರದಿಯ ಮೊದಲ ಪುಟದ ಫೋಟೊವನ್ನು ಗಂಡಿನ ಮನೆಯವರ ವಾಟ್ಸ್ಆಪ್‌ಗೆ ಹಾಕಿದರು. ‘ರಕ್ತದಲ್ಲೇ ಇದೆಯಂತೆ, ಪರೀಕ್ಷೆಯಲ್ಲಿ ಬಂದಿದೆಯಂತೆ’ ಎಂದು ಅವರು ಹಿಂದೆ ಸರಿದರು. ಮಗಳು ಅತ್ತದ್ದನ್ನು ನಾನು ನೋಡಲಿಲ್ಲ. ಹಿತ್ತಲಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಕೊಡ ತುಂಬಿ ಹೊರಗೆ ಹರಿಯುವವರೆಗೆ ನೀರಿನ ಸದ್ದು ಕೇಳುತ್ತಿತ್ತು.

ಈಗ ಈ ವರ್ಷದ ಮಾತು. ಮಗನಿಗೆ ಇಪ್ಪತ್ತು. ಕೆಮ್ಮು ದಮ್ಮು ಹೆಚ್ಚಾಗಿ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಹಾಸಿಗೆಯ ಪಕ್ಕ ಸ್ಟೂಲು ಎಳೆದು ಕೂತು, ಫೈಲು ನೋಡುವ ಮೊದಲು ಮಗನ ಮುಖ ನೋಡಿದರು. ‘ಅಮ್ಮಾ, ಇವರ ರೆಪ್ಪೆ ಬೆಳಿಗ್ಗೆಗಿಂತ ಸಂಜೆ ಹೆಚ್ಚು ಇಳಿಯುತ್ತದೆಯೇ?’ ಎಂದು ಕೇಳಿದರು. ಹನ್ನೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದ ಮೊದಲಿಗರು ಅವರು. ನನಗೆ ಗದ್ದ ಎತ್ತಿ ಲೆಕ್ಕ ಬಿಡಿಸುತ್ತಿದ್ದ ಹುಡುಗ ನೆನಪಾದ. ಮಾತು ಹೊರಡಲಿಲ್ಲ, ತಲೆಯಾಡಿಸಿದೆ.

ಮರುದಿನ ನರಕ್ಕೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಪರೀಕ್ಷೆ ಮಾಡಿದರು. ಮೊದಲ ಮಿಡಿತಕ್ಕೆ ಸ್ನಾಯು ಚೆನ್ನಾಗಿ ಸ್ಪಂದಿಸುತ್ತಿತ್ತು. ನಾಲ್ಕನೆಯದಕ್ಕೆ, ಐದನೆಯದಕ್ಕೆ ಸೋಲುತ್ತಿತ್ತು. ತೊಂದರೆ ಸ್ನಾಯುವಿನಲ್ಲಲ್ಲ, ನರವೂ ಸ್ನಾಯುವೂ ಕೂಡುವ ಜಾಗದಲ್ಲಿ ಎಂದು ಗೊತ್ತಾಯಿತು. ಹಳೆಯ ಪ್ರಯೋಗಾಲಯದಿಂದ ಮೂಲ ಮಾಹಿತಿಯ ಫೈಲನ್ನೇ ತರಿಸಿಕೊಳ್ಳಿ, ಹೊಸದಾಗಿ ರಕ್ತ ಬೇಡ ಎಂದರು. ಆ ಫೈಲಿಗಾಗಿ ನಾಲ್ಕು ತಿಂಗಳು ಅಲೆದೆ. ಮೊದಲು ಅದು ರೋಗಿಗೆ ಕೊಡುವಂಥದ್ದಲ್ಲ ಎಂದರು. ಆಮೇಲೆ ಅರ್ಜಿ ಕೊಡಿ ಎಂದರು. ಆಮೇಲೆ ಶುಲ್ಕ ಕೇಳಿದರು. ಕೊನೆಗೆ ನಾವೇ ಕೊಂಡುಕೊಟ್ಟ ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕೊಟ್ಟರು.

ಅದನ್ನು ಮತ್ತೆ ಓದಿದಾಗ ಎರಡು ಸಂಗತಿ ಹೊರಬಂದವು. 2018ರ ವರದಿ ಬೆರಳು ತೋರಿಸಿದ್ದ ಆ ಬದಲಾವಣೆ ನಮ್ಮ ದಕ್ಷಿಣದ ಆರೋಗ್ಯವಂತರಲ್ಲಿ ಎಷ್ಟೋ ಜನರಲ್ಲಿದೆ. ಎರಡೂ ಪ್ರತಿಯಲ್ಲಿ ಇಟ್ಟುಕೊಂಡು ಗಟ್ಟಿಮುಟ್ಟಾಗಿ ಓಡಾಡುತ್ತಿರುವವರೂ ಇದ್ದಾರೆ. ಅದು ನಿರುಪದ್ರವಿ. ಅದೇ ಫೈಲಿನಲ್ಲಿ ಬೇರೊಂದು ಕಡೆ, ಡಾಕ್-7 ಎಂಬ ಜೀನಿನಲ್ಲಿ, ನಿಜವಾದ ದೋಷ ಏಳು ವರ್ಷದಿಂದಲೂ ಇತ್ತು. ನರ ಮತ್ತು ಸ್ನಾಯು ಕೂಡುವ ಜಾಗವನ್ನು ಕಟ್ಟಿ ನಿಲ್ಲಿಸಲು ಬೇಕಾದ ಪ್ರೋಟೀನಿನ ಜೀನು ಅದು. ಅದರ ದೋಷದಿಂದ ಈ ಬಗೆಯ ನಿಶ್ಶಕ್ತಿ ಬರುತ್ತದೆಂದು 2006ರಲ್ಲೇ ವಿಜ್ಞಾನಿಗಳು ಪ್ರಕಟಿಸಿದ್ದರು. ನಮ್ಮ ಪರೀಕ್ಷೆಗಿಂತ ಹನ್ನೆರಡು ವರ್ಷ ಮೊದಲು! ಮತ್ತೇಕೆ ಕಾಣಲಿಲ್ಲ? ಕಳಿಸಿದ ಫಾರ್ಮಿನಲ್ಲಿ ‘ಸ್ನಾಯು ಸವೆತ’ ಎಂದು ಬರೆದಿದ್ದರು. ಪ್ರಯೋಗಾಲಯದವರು ಆ ಪಟ್ಟಿಗೆ ಸೇರಿದ ಜೀನುಗಳನ್ನಷ್ಟೇ ನೋಡಿ ವರದಿ ಬರೆದಿದ್ದರು. ರೆಪ್ಪೆಯ ಸಂಗತಿ ಯಾರೂ ಕೇಳಿರಲಿಲ್ಲ, ಆದ್ದರಿಂದ ಫಾರ್ಮಿನಲ್ಲೂ ಇರಲಿಲ್ಲ.

ಈಗ ಮಗನಿಗೆ ಕೊಡುತ್ತಿರುವುದು ಸಾಲ್ಬುಟಮಾಲ್ ಮಾತ್ರೆ. ದಮ್ಮಿಗೆ ಕೊಡುವ ಹಳೆಯ ಮಾತ್ರೆಯೇ. ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಇದು ಎಲ್ಲ ಸ್ನಾಯು ಕಾಯಿಲೆಗೂ ಮದ್ದಲ್ಲ. ಓದುವವರಲ್ಲಿ ಅಂಥ ಮಕ್ಕಳಿರುವವರು ದಯವಿಟ್ಟು ವೈದ್ಯರನ್ನು ಕೇಳದೆ ಕೊಡಬೇಡಿ. ನಮ್ಮ ಮಗನ ಕಾಯಿಲೆಗೆ ಇದು ಒಗ್ಗಿದೆ. ಮೂರು ತಿಂಗಳಾದ ಮೇಲೆ ಅವನು ಕುರ್ಚಿಯಿಂದ ಕೈ ಊರದೆ ಎದ್ದ. ಮನೆ ಮುಂದಿನ ಕಟ್ಟೆಯ ಮೂರು ಮೆಟ್ಟಿಲನ್ನು ಕಂಬ ಹಿಡಿದು ತಾನೇ ಹತ್ತುತ್ತಾನೆ. ಪೂರ್ತಿ ವಾಸಿಯಾಗುತ್ತದೆ ಎಂದು ಯಾರೂ ಹೇಳಿಲ್ಲ. ಈ ವರ್ಷಗಳಲ್ಲಿ ಬಾಗಿಹೋದ ಬೆನ್ನು ನೆಟ್ಟಗಾಗುವುದಿಲ್ಲ. ಹದಿಮೂರರಲ್ಲಿ ಈ ಮಾತ್ರೆ ಸಿಕ್ಕಿದ್ದರೆ ಅದು ಬಾಗುತ್ತಲೇ ಇರಲಿಲ್ಲವೇನೋ.

ಮಾನ್ಯರೇ, ಮನುಷ್ಯನ ಜೀನೋಮನ್ನು ಓದಿದ್ದು ನನ್ನ ತಲೆಮಾರು ಕಣ್ಣಾರೆ ಕಂಡ ಬಹು ದೊಡ್ಡ ಕೆಲಸ. 2000ದ ಜೂನ್ 26ರಂದು ಅಮೆರಿಕದ ಶ್ವೇತಭವನದಲ್ಲಿ ಕ್ಲಿಂಟನ್ ಅವರು ಮೊದಲ ಕರಡು ಸಿದ್ಧವಾಯಿತೆಂದು ಘೋಷಿಸಿದಾಗ ನಾನು ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದೆ. ಹಾಸ್ಟೆಲ್ಲಿಗೆ ಬರುತ್ತಿದ್ದ ಒಂದೇ ಪತ್ರಿಕೆಗೆ ಹತ್ತು ಕೈ. ಆ ಸುದ್ದಿಯನ್ನು ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸಿಕೊಂಡೆ, ಇಂದಿಗೂ ಇದೆ. ಆ ಕೆಲಸ ಶುರುವಾದದ್ದು 1990ರಲ್ಲಿ, ಮುಗಿಯಿತು ಎಂದದ್ದು 2003ರ ಏಪ್ರಿಲಿನಲ್ಲಿ. ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಜಪಾನ್, ಚೀನಾ ಸೇರಿ ಹದಿಮೂರು ವರ್ಷ ಸುಮಾರು ಮುನ್ನೂರು ಕೋಟಿ ಅಕ್ಷರಗಳನ್ನು ಸಾಲಾಗಿ ಜೋಡಿಸಿದವು. ಎ, ಟಿ, ಜಿ, ಸಿ, ನಾಲ್ಕೇ ಅಕ್ಷರದ ಪುಸ್ತಕ. ಅದರಲ್ಲಿ ಪ್ರೋಟೀನಿಗೆ ಸೂಚನೆ ಕೊಡುವ ಜೀನುಗಳು ಇಪ್ಪತ್ತು ಸಾವಿರದಷ್ಟು ಮಾತ್ರ. ಆಗಲೂ ನೂರಕ್ಕೆ ಎಂಟು ಪಾಲು ಓದದೇ ಉಳಿದಿತ್ತು, ಅದು ತುಂಬಿದ್ದು 2022ರಲ್ಲಿ.

ಆ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ವಿಜ್ಞಾನಿಗಳು, ಓದಿದ ಅಕ್ಷರಗಳನ್ನು 24 ಗಂಟೆಯೊಳಗೆ ಜಗತ್ತಿಗೆಲ್ಲ ತೆರೆದಿಡಬೇಕೆಂದು ಒಪ್ಪಿದರು. ಅಂದು ಜೋಡಿಸಿದ್ದು ಅಂದೇ ಎಲ್ಲರ ಸೊತ್ತು. ಮನುಷ್ಯನ ಜೀನೋಮು ಯಾರೊಬ್ಬರ ಖಾಸಗಿ ಆಸ್ತಿಯಾಗಬಾರದು ಎಂಬ ಹಟ ಅವರಿಗಿತ್ತು. ಲೋಕಕ್ಕೆ ಸೇರಿದ ಅಕ್ಷರಗಳನ್ನು 24 ಗಂಟೆಯಲ್ಲಿ ಕೊಟ್ಟ ವಿದ್ಯೆಯೇ ನನ್ನ ಮಗನಿಗೆ ಸೇರಿದ ಅಕ್ಷರಗಳನ್ನು ನನ್ನ ಕೈಗೆ ಕೊಡಲು ನಾಲ್ಕು ತಿಂಗಳು ತೆಗೆದುಕೊಂಡಿತು. ನನ್ನ ದೂರಿನ ತಿರುಳು ಇಲ್ಲಿದೆ.

ಅಳತೆಗೋಲಿನ ವಿಷಯವನ್ನೂ ಹೇಳಬೇಕು. ಯಾರ ಜೀನೋಮನ್ನೇ ಓದಿದರೂ ಅದನ್ನು ಆ ಯೋಜನೆಯಲ್ಲಿ ಸಿದ್ಧವಾದ ಮಾದರಿ ಜೀನೋಮಿನ ಪಕ್ಕದಲ್ಲಿಟ್ಟು, ಎಲ್ಲೆಲ್ಲಿ ಬೇರೆಯಾಗಿದೆ ಎಂದು ನೋಡುತ್ತಾರೆ. ಆ ಮಾದರಿಯ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬಂದದ್ದು ನ್ಯೂಯಾರ್ಕ್ ರಾಜ್ಯದ ಬಫಲೊ ಊರಿನಲ್ಲಿ ಪತ್ರಿಕೆಯ ಜಾಹೀರಾತು ನೋಡಿ ರಕ್ತ ಕೊಡಲು ಬಂದ ಒಬ್ಬನೇ ಗಂಡಸಿನಿಂದ. ಯಾರನ್ನು ಹೋಲಿಸಿದರೂ ನಲವತ್ತು ಐವತ್ತು ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಅದರಲ್ಲಿ ಯಾವುದು ರೋಗ, ಯಾವುದು ಬರೀ ವ್ಯತ್ಯಾಸ ಎಂದು ತಿಳಿಯಬೇಕಾದರೆ ಅವರದೇ ಸೀಮೆಯ ಆರೋಗ್ಯವಂತರ ಜೀನೋಮು ಎದುರಿಗಿರಬೇಕು. 2016ರ ಒಂದು ಲೆಕ್ಕದಂತೆ, ಜೀನು ಮತ್ತು ಕಾಯಿಲೆಯ ನಂಟು ಹುಡುಕುವ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ನೂರಕ್ಕೆ 81 ಮಂದಿ ಯುರೋಪಿಯನ್ ಮೂಲದವರು. ನಮ್ಮ ಮಗನ ‘ಅನಿಶ್ಚಿತ’ ಹುಟ್ಟಿದ್ದು ಈ ಕೊರತೆಯಿಂದ. ಅವನ ಅಕ್ಷರ ಅಪರೂಪವಾಗಿರಲಿಲ್ಲ. ಅಳೆದವರ ಪಟ್ಟಿಯಲ್ಲಿ ನಮ್ಮವರು ಅಪರೂಪವಾಗಿದ್ದರು.

ಈ ಕೊರತೆ ತುಂಬಲು ಕೆಲಸ ನಡೆದಿದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಅದರ ಮುಖ್ಯ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಹೆಮ್ಮೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳ್ತನದಲ್ಲಿ ಇಪ್ಪತ್ತು ಸಂಸ್ಥೆಗಳು ಸೇರಿ ‘ಜೀನೋಮ್ ಇಂಡಿಯಾ’ ನಡೆಸಿದವು. ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು ಹತ್ತು ಸಾವಿರ ಆರೋಗ್ಯವಂತರ ಪೂರ್ತಿ ಜೀನೋಮನ್ನು ಓದಿದರು. 2025ರ ಜನವರಿ 9ರಂದು ಪ್ರಧಾನಿಯವರು ಆ ಮಾಹಿತಿಯನ್ನು ಬಿಡುಗಡೆ ಮಾಡಿದರು, ಅದು ಫರೀದಾಬಾದಿನ ಜೈವಿಕ ಮಾಹಿತಿ ಕೇಂದ್ರದಲ್ಲಿದೆ. ಸುಮಾರು 18 ಕೋಟಿ ವ್ಯತ್ಯಾಸಗಳು ಸಿಕ್ಕಿವೆ ಎಂದು ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಅದು ಸಂಶೋಧಕರು ಅರ್ಜಿ ಹಾಕಿ ಪಡೆಯುವ ಮಾಹಿತಿ. ಸಂಶೋಧನೆ ನಡೆಯಲಿ. ಆದರೆ ತಾಲ್ಲೂಕಿನಲ್ಲಿ ‘ಅನಿಶ್ಚಿತ’ ಎಂಬ ಕಾಗದ ಹಿಡಿದು ಕೂತ ತಾಯಿಗೆ ಆ ಹತ್ತು ಸಾವಿರ ಜನ ಕೊಟ್ಟ ರಕ್ತದ ಫಲ ಯಾವ ಕಿಟಕಿಯಲ್ಲಿ ಸಿಗುತ್ತದೆ? ಆ ಕಿಟಕಿ ತೆರೆಯುವುದು ನಿಮ್ಮ ಕೆಲಸ.

ಇದು ನಮಗೆ ಎಷ್ಟು ಬೇಕಾಗಿದೆ ಎಂಬುದಕ್ಕೆ ಒಂದು ಸಂಗತಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡಗಳು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿದವು. ನೂರಾರು ವರ್ಷ ಒಳಗೊಳಗೇ ಕೊಟ್ಟು ತಂದದ್ದರಿಂದ ಅವುಗಳಲ್ಲಿ 81 ಗುಂಪುಗಳಲ್ಲಿ ಕೆಲವೇ ಪೂರ್ವಜರ ದೋಷಗಳು ಫಿನ್‌ಲೆಂಡಿನವರಿಗಿಂತಲೂ ಯುರೋಪಿನ ಯಹೂದಿಗಳಿಗಿಂತಲೂ ಗಾಢವಾಗಿ ನೆಲೆಸಿರುವ ಗುರುತು ಸಿಕ್ಕಿತು. ಸೋದರಮಾವನನ್ನು ಮದುವೆಯಾಗದವರಿಗೂ ಇದು ಅನ್ವಯಿಸುತ್ತದೆ. ಜಾತಿಯೊಳಗೇ ಮದುವೆಯಾಗುವ ನಾವೆಲ್ಲರೂ ದೂರದ ನೆಂಟರೇ. ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿ ಬೇಗ ಇಳಿಯುವುದಿಲ್ಲ, ಉಸಿರಾಟಕ್ಕೆ ಗಂಟೆಗಟ್ಟಲೆ ಯಂತ್ರದ ನೆರವು ಬೇಕಾಗುತ್ತದೆ. ಕಾರಣ ಒಂದೇ ಜೀನಿನ ಒಂದು ಬದಲಾವಣೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಕೊಟ್ಟರಾಯಿತು. ಜೀನಿನ ತಿಳಿವು ಮನೆಮುರುಕ ಸುದ್ದಿಯಲ್ಲ. ಸರಿಯಾಗಿ ಹೇಳಿದರೆ ಜೀವ ಉಳಿಸುವ ಸುದ್ದಿ.

ರಕ್ತ ಕೊಟ್ಟವರ ಮಾತನ್ನೂ ಹೇಳದೆ ಇರಲಾರೆ. ನನ್ನ ಸಹೋದ್ಯೋಗಿಯೊಬ್ಬರು ಸಾಗರ ತಾಲ್ಲೂಕಿನವರು. ಹಂದಿಗೋಡಿನ ಹೆಸರು ಅವರಿಂದಲೇ ನನಗೆ ಹತ್ತಿರವಾದದ್ದು. 1970ರ ದಶಕದ ನಡುವಿನಲ್ಲಿ ಆ ಊರಿನಲ್ಲಿ ಮೊದಲು ದಾಖಲಾದ ಕೀಲುಗಳ ಕಾಯಿಲೆಗೆ ಊರಿನ ಹೆಸರೇ ಅಂಟಿತು. ನರಳಿದವರು ಹೆಚ್ಚಾಗಿ ಕೂಲಿ ಮಾಡುವ ದಲಿತ ಕುಟುಂಬಗಳ ಜನ. ಸೊಂಟ, ಮೊಣಕಾಲು ಸವೆದು ಹೋಗುವುದು, ಕೆಲವರು ಕುಳ್ಳಾಗಿಯೇ ಉಳಿಯುವುದು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರಿಂದ ಬಂತೆಂದು ಮೊದಲು ಹೇಳಿದರು. ವಂಶದಲ್ಲಿ ಹರಿದು ಬರುವ ಕಾಯಿಲೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಎಷ್ಟು ತಂಡಗಳು ಬಂದವು, ಎಷ್ಟು ಎಕ್ಸ್‌ರೇ, ಎಷ್ಟು ರಕ್ತ! ತಂಡಗಳು ತಂದ ವ್ಯಾನಿನ ಸದ್ದು ಕೇಳಿದರೆ ಮಕ್ಕಳು ಹಿತ್ತಲಿಗೆ ಓಡುತ್ತಿದ್ದರೆಂದು ಆ ಸಹೋದ್ಯೋಗಿ ಹೇಳುತ್ತಾರೆ. ರಕ್ತ ತೆಗೆದವರು ತಿರುಗಿ ಬಂದು ‘ನಿಮ್ಮ ರಕ್ತದಿಂದ ಇಷ್ಟು ತಿಳಿಯಿತು, ಇಷ್ಟು ತಿಳಿಯಲಿಲ್ಲ’ ಎಂದು ಕನ್ನಡದಲ್ಲಿ ಹೇಳುವುದು ಸಂಶೋಧನೆಯ ಕೊನೆಯ ಕೆಲಸವೇ ಹೊರತು ಉಪಕಾರವಲ್ಲ.

ಕೊಟ್ಟ ರಕ್ತವನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಎಂಬ ಸಣ್ಣ ಬುಡಕಟ್ಟಿನವರು 1990ರಿಂದ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಅದನ್ನೇ ಮನೋರೋಗದ ಅಧ್ಯಯನಕ್ಕೂ ಅವರ ಪೂರ್ವಜರು ಎಲ್ಲಿಂದ ಬಂದರೆಂಬ ಅಧ್ಯಯನಕ್ಕೂ ಬಳಸಿದ್ದು ಗೊತ್ತಾಗಿ ಅವರು ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ಆ ಅಧ್ಯಯನ ನಡೆಸಿದ ವಿಶ್ವವಿದ್ಯಾಲಯ ಪರಿಹಾರ ಕೊಟ್ಟಿತು, ಉಳಿದ ರಕ್ತವನ್ನು ಅವರ ಕೈಗೇ ಒಪ್ಪಿಸಿತು. ನಾನು ಸಹಿ ಹಾಕಿದ ಏಳು ಪುಟದಲ್ಲಿ ಮಗನ ರಕ್ತವನ್ನು ಮತ್ತಾವ ಕೆಲಸಕ್ಕೆ ಬಳಸಬಹುದು ಎಂದಿತ್ತೆಂದು ನಾನು ಓದಿದ್ದು ಏಳು ವರ್ಷದ ಮೇಲೆ. ಶಿಕ್ಷಕಿಯಾದ ನಾನೇ ಹೀಗಾದರೆ ಹೆಬ್ಬೆಟ್ಟು ಒತ್ತುವವರ ಪಾಡೇನು?

ಅರ್ಥ ಹೇಳುವ ಕೆಲಸ ಮಾಡಲು ಆಗುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಮಾಡುತ್ತಿದ್ದೀರಿ. 2023ರ ಜುಲೈ 1ರಂದು ಶುರುವಾದ ಅಭಿಯಾನದಲ್ಲಿ ಕರ್ನಾಟಕವೂ ಸೇರಿ 17 ರಾಜ್ಯಗಳ ನಲವತ್ತು ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿಯಿದೆ. ಹನ್ನೊಂದನೇ ಕ್ರೋಮೋಸೋಮಿನ ಒಂದು ಜೀನಿನ ಎರಡೂ ಪ್ರತಿಗಳಲ್ಲಿ ಎ ಇರಬೇಕಾದಲ್ಲಿ ಟಿ ಬಂದರೆ ಆ ಕಾಯಿಲೆ. ಆ ಒಂದು ಅಕ್ಷರದ ಅರ್ಥವನ್ನು ಕಾರ್ಡಿನಲ್ಲಿ ಬರೆದು ಹಾಡಿಗಳ ಜನರ ಕೈಗೆ ಕೊಟ್ಟು, ಇಂಥವರು ಇಂಥವರನ್ನು ಮದುವೆಯಾದರೆ ಮಗುವಿಗೆ ಏನಾಗಬಹುದು ಎಂದು ತಿಳಿಹೇಳುವ ಏರ್ಪಾಡು ಅದರಲ್ಲಿದೆ. ಒಂದು ಕಾಯಿಲೆಗೆ ಸಾಧ್ಯವಾದದ್ದು ಉಳಿದವಕ್ಕೂ ಸಾಧ್ಯ.

ಅಪರೂಪದ ಕಾಯಿಲೆಗಳಿಗಾಗಿ 2021ರ ರಾಷ್ಟ್ರೀಯ ನೀತಿಯಿದೆ. ಬೆಂಗಳೂರಿನಲ್ಲೂ ಒಂದು ಉತ್ಕೃಷ್ಟತಾ ಕೇಂದ್ರವಿದೆ, ಐವತ್ತು ಲಕ್ಷ ರೂಪಾಯಿಯವರೆಗೆ ನೆರವು ಎಂದಿದೆ. ಒಳ್ಳೆಯದೇ. ಆದರೆ ಆ ಬಾಗಿಲಿಗೆ ಹೋಗಲು ಮೊದಲು ಕಾಯಿಲೆಗೆ ಹೆಸರಿರಬೇಕು. ಹೆಸರೇ ಸಿಗದ ಮಕ್ಕಳು ಯಾವ ಪಟ್ಟಿಗೂ ಸೇರುವುದಿಲ್ಲ. ನಮ್ಮ ಮಗ ಏಳು ವರ್ಷ ಅಂಥ ಮಗುವಾಗಿದ್ದ.

ಆದ್ದರಿಂದ ನಾನು ಕೇಳುವುದು ಇಷ್ಟು. ಜೀನ್ ಪರೀಕ್ಷೆ ಮಾಡುವ ಪ್ರತಿ ಪ್ರಯೋಗಾಲಯವೂ ‘ಅನಿಶ್ಚಿತ’ ಎಂದು ಕೊಟ್ಟ ವರದಿಯನ್ನು ಎರಡು ವರ್ಷಕ್ಕೊಮ್ಮೆ ತಾನಾಗಿಯೇ ಮತ್ತೆ ಓದಬೇಕು, ಬದಲಾದರೆ ಕುಟುಂಬಕ್ಕೆ ತಿಳಿಸಬೇಕು, ಅದಕ್ಕೆ ಬೇರೆ ಹಣ ಕೇಳಬಾರದು ಎಂದು ನಿಯಮ ಮಾಡಿ. ಬೇರೆಲ್ಲ ಬೇಡಿಕೆಗಿಂತ ಇದು ಮೊದಲು. ಮೂಲ ಮಾಹಿತಿಯ ಫೈಲು ರೋಗಿಯದು. ಕೇಳಿದ ಒಂದು ವಾರದಲ್ಲಿ ಕೊಡಲಿ. ವರದಿಯ ಮೊದಲ ಪುಟ ಕನ್ನಡದಲ್ಲಿರಲಿ, ಒಂದೇ ಪುಟ ಸಾಕು: ಏನು ಸಿಕ್ಕಿತು, ಏನು ಸಿಗಲಿಲ್ಲ, ಯಾವಾಗ ಮತ್ತೆ ಬರಬೇಕು. ಒಪ್ಪಿಗೆ ಪತ್ರವನ್ನು ಸಹಿಗೆ ಮುಂಚೆ ಓದಿ ಹೇಳಲಿ.

ಜಿಲ್ಲೆಗೊಬ್ಬರಂತೆ ಜೆನೆಟಿಕ್ ಕೌನ್ಸಿಲರ್ ಹುದ್ದೆ ಕೊಡಿ. ದೊಡ್ಡ ಯಂತ್ರ ಬೇಡ, ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ಗಂಟೆ ಬಿಡುವು ಇರುವ ಒಬ್ಬ ಮನುಷ್ಯ ಬೇಕು. ‘ರೆಪ್ಪೆ ಸಂಜೆ ಇಳಿಯುತ್ತದೆಯೇ?’ ಎಂದು ಕೇಳಲು ಪುರುಸೊತ್ತಿರುವವರು. ಸೋದರಮಾವನನ್ನು ಮದುವೆಯಾದ ಹೆಣ್ಣನ್ನು ಗದರದೆ, ಇನ್ನು ಮುಂದೆ ಏನು ಮಾಡಬಹುದು ಎಂದು ಕೂರಿಸಿ ಹೇಳುವವರು. ನಮ್ಮ ಕಡೆಯ ಮದುವೆಗಳು ಒಂದು ಸುತ್ತೋಲೆಯಿಂದ ನಿಲ್ಲುವಂಥವಲ್ಲ. ತಿಳಿವಳಿಕೆಯಿಂದ ನಿಧಾನವಾಗಿ ಬದಲಾಗುತ್ತವೆ. ನನ್ನ ತರಗತಿಯ ಹುಡುಗಿಯರೇ ಈಗ ಮನೆಯಲ್ಲಿ ಕೇಳತೊಡಗಿದ್ದಾರೆ.

ಕಾನೂನಿನ ಮಾತೂ ಇದೆ. ಅಮೆರಿಕದಲ್ಲಿ 2008ರಲ್ಲೇ, ಜೀನಿನ ಕಾರಣಕ್ಕೆ ಕೆಲಸದಲ್ಲಾಗಲಿ ಆರೋಗ್ಯ ವಿಮೆಯಲ್ಲಾಗಲಿ ಭೇದ ಮಾಡಬಾರದೆಂದು ಕಾಯ್ದೆ ಬಂತು. ನಮ್ಮಲ್ಲಿ 2018ರಲ್ಲಿ ದೆಹಲಿ ಹೈಕೋರ್ಟು ವಿಮೆಯ ಪ್ರಕರಣವೊಂದರಲ್ಲಿ, ‘ಆನುವಂಶಿಕ ಕಾಯಿಲೆ’ ಎಂದು ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಎಂದು ಹೇಳಿತು. ಆದರೆ ಇದಕ್ಕೆಂದೇ ಒಂದು ಕಾಯ್ದೆ ನಮ್ಮ ದೇಶದಲ್ಲಿ ಇನ್ನೂ ಇಲ್ಲ. ಒಬ್ಬ ಹುಡುಗನ ವರದಿಯ ಫೋಟೊ ವಾಟ್ಸ್ಆಪಿನಲ್ಲಿ ಓಡಾಡಿ ಅವನ ಅಕ್ಕನ ಮದುವೆ ಮುರಿದರೆ ಯಾವ ಠಾಣೆಗೆ ಹೋಗಬೇಕು ಎಂದು ನನಗೆ ಯಾರೂ ಹೇಳಲಿಲ್ಲ.

ಮಗಳ ವಿಷಯ ಹೇಳಿ ಮುಗಿಸುತ್ತೇನೆ. ನಿಜವಾದ ಜೀನು ಗೊತ್ತಾದ ಮೇಲೆ ಅವಳ ರಕ್ತದಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರು. ಕಾಯಿಲೆಯಿಲ್ಲದ ಒಡಹುಟ್ಟು ದೋಷದ ಒಂದು ಪ್ರತಿಯನ್ನು ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ನನ್ನ ಬೋರ್ಡಿನ ಚೌಕ ಅದನ್ನೇ ಹೇಳುತ್ತದೆ. ಅವಳೂ ಒಂದು ಪ್ರತಿ ಹೊತ್ತಿದ್ದಾಳೆ. ಅದರಿಂದ ಅವಳಿಗೆ ಏನೂ ಆಗುವುದಿಲ್ಲ. ಮದುವೆಯಾಗುವವನಲ್ಲೂ ಅದೇ ಜೀನಿನಲ್ಲಿ ದೋಷವಿದ್ದರೆ ಮಾತ್ರ ಯೋಚಿಸಬೇಕು, ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಬಹುದು. ಇಷ್ಟನ್ನು ಆ ವೈದ್ಯೆ ಒಂದು ಹಾಳೆಯ ಮೇಲೆ ಎರಡು ಬಣ್ಣದ ಬಳಪದಲ್ಲಿ ಚಿತ್ರ ಬರೆದು, ಹತ್ತು ನಿಮಿಷದಲ್ಲಿ, ಕನ್ನಡದಲ್ಲಿ ಹೇಳಿದರು. ಮಗಳು ಆ ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. ಇನ್ನು ಯಾವ ಸಂಬಂಧ ಬಂದರೂ ಮೊದಲು ಇದನ್ನೇ ಅವರ ಮುಂದೆ ಬಿಚ್ಚಿಡುತ್ತೇನೆ ಎನ್ನುತ್ತಾಳೆ.

ಈ ಪತ್ರ ಓದುತ್ತಿರುವ ತಂದೆತಾಯಿಯರಲ್ಲೂ ಒಂದು ಮಾತು. ನಿಮ್ಮ ಬೀರುವಿನಲ್ಲಿ ಮಗುವಿನ ಹಳೆಯ ಜೀನ್ ವರದಿ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಅದರ ತಾರೀಖು ನೋಡಿ. ಎರಡು ವರ್ಷಕ್ಕಿಂತ ಹಳೆಯದಾಗಿದ್ದು ‘ಅನಿಶ್ಚಿತ’ ಎಂದಿದ್ದರೆ ಅಥವಾ ಏನೂ ಸಿಗಲಿಲ್ಲ ಎಂದಿದ್ದರೆ, ವೈದ್ಯರ ಬಳಿ ಹೋಗಿ ಇದನ್ನು ಮತ್ತೊಮ್ಮೆ ಓದಿಸಿ ಎಂದು ಕೇಳಿ. ಮಗುವಿನಲ್ಲಿ ನೀವು ಕಂಡದ್ದನ್ನೆಲ್ಲ, ಸಣ್ಣದೆನಿಸಿದ್ದನ್ನೂ ಬಿಡದೆ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸರ್ಕಾರಿ ಪ್ರೌಢಶಾಲಾ ಶಿಕ್ಷಕಿ